ಕೈ ಬಲ್ಲ ಗಾಲಿ

ಕಾರು ಮೂರನೆಯ ತಿರುವಿಗೆ ಬರುತ್ತಿದ್ದಂತೆ ಅದರ ಬಲಮುಂದಿನ ಗಾಲಿ ತನ್ನಷ್ಟಕ್ಕೆ ತಾನೇ ಮೆತ್ತಗಾಗಿ ನೆಲವನ್ನು ಹಿಡಿಯಿತು. ತಿರುವು ಮುಗಿದು ನೇರ ದಾರಿ ಸಿಕ್ಕ ಕೂಡಲೇ ಮತ್ತೆ ಗಟ್ಟಿಯಾಯಿತು. ಹಾಗೆ ಮಾಡೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಹಿಂದಿನ ಸುತ್ತುಗಳಲ್ಲಿ ತಾನೇ ಕಲಿತುಕೊಂಡಿತ್ತು.

ಅದಕ್ಕೆ ಕಲಿಗಾಲಿ ಎಂದು ಹೆಸರು. ಮಾಡಿದವರು ಕೊಡಗಿನ ಡಾಕ್ಟರ್ ದೇಚಮ್ಮ. ಕೊಪ್ಪಳದ ಆಚೆ, ಕಲ್ಲುಗಣಿ ಮುಗಿದುಹೋದ ಬಯಲಿನಲ್ಲಿ ಒಂದು ಓಟದಂಗಳವಿತ್ತು. ಅಲ್ಲಿಗೆ ಪರೀಕ್ಷೆಗೆಂದು ತಂದಿದ್ದರು.

ಆ ಕಾಲಕ್ಕೆ ಓಟದ ಕಾರುಗಳೆಲ್ಲ ಒಂದೇ ಅಚ್ಚಿನವು. ಎಂಜಿನ್ ಒಂದೇ, ಮೈಕಟ್ಟು ಒಂದೇ, ತೂಕ ಒಂದೇ. ಗೆಲುವು ಸೋಲು ಎಂಬುದು ಉಳಿದದ್ದು ಗಾಲಿಯಲ್ಲಿ ಮತ್ತು ಕೈಯಲ್ಲಿ. ದಾರಿ ಮೊಟ್ಟೆಯಾಕಾರದ್ದು, ತಿರುವುಗಳೆಲ್ಲ ಎಡಕ್ಕೇ. ಹಾಗಾಗಿ ತಿರುವಿನಲ್ಲಿ ಭಾರವೆಲ್ಲ ಬಲಗಡೆಯ ಗಾಲಿಗಳ ಮೇಲೆ ಬೀಳುತ್ತದೆ, ಮೊದಲು ಸವೆಯುವುದೂ ಬಲಮುಂದಿನದೇ. ಮುಂದಿನ ಗಾಲಿಗಳು ಹಿಡಿತ ಬಿಟ್ಟರೆ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಕಾರು ಮೊಂಡು ಎತ್ತಿನಂತೆ ಗೋಡೆಯ ಕಡೆಗೇ ಹೋಗುತ್ತದೆ. ಅದನ್ನು ಅಲ್ಲಿಯವರು ಬಿಗಿ ಎನ್ನುತ್ತಾರೆ. ಹಿಂದಿನವು ಬಿಟ್ಟರೆ ಬಾಲ ಹೊರಕ್ಕೆ ಜಾರುತ್ತದೆ. ಅದು ಸಡಿಲು. ಮೊದಲೆಲ್ಲ ಓಡಿಸುವವನು ಒಳಕ್ಕೆ ಬಂದು ಬಿಗಿಯೋ ಸಡಿಲೋ ಹೇಳಬೇಕಿತ್ತು. ಮೇಸ್ತ್ರಿ ಗಾಲಿಯ ಗಾಳಿಯನ್ನು ಚೂರು ಏರಿಸಿಯೋ ಇಳಿಸಿಯೋ ಕಳಿಸಬೇಕಿತ್ತು, ರೊಟ್ಟಿಯ ಹಿಟ್ಟಿಗೆ ನೋಡಿ ನೋಡಿ ನೀರು ಹಾಕಿದ ಹಾಗೆ. ಕಲಿಗಾಲಿ ಬಂದ ಮೇಲೆ ಆ ಕೆಲಸವನ್ನು ಗಾಲಿಯೇ ವಹಿಸಿಕೊಂಡಿತು.

ಕಾರು ನಿಂತಿತು. ಇಳಿದವನು ರಾಜೇಸಾಬ ನದಾಫ, ಅಲ್ಲಿಯ ತಂಡದಲ್ಲಿ ಎಲ್ಲರಿಗಿಂತ ಹಿರಿಯ ಓಟಗಾರ. ಹೆಲ್ಮೆಟ್ಟು ಕಂಕುಳಲ್ಲಿ ಒತ್ತಿ ಹಿಡಿದು, ಗಾಲಿಯನ್ನು ಬೂಟಿನ ತುದಿಯಿಂದ ಮುಟ್ಟಿದ.

"ಮೇಡಂ, ಇದರ ಹೊಟ್ಟ್ಯಾಗ ಏನ್ ಇಟ್ಟೀರಿ? ಹತ್ತು ವರ್ಷದ ಹಿಂದ ಓಡಿಸಿದಂಗ ಓಡಿಸಿದೆ."

"ರಬ್ಬರಿನ ನಡುವೆ ಕೂದಲಿಗಿಂತ ಸಣ್ಣ ಎಳೆಗಳಿವೆ, ರಾಜೇಸಾಬರೇ. ಎದುರುತಂತು ಅಂತ ಕರೀತೇವೆ. ಒತ್ತಡ ಎಲ್ಲಿ ಮತ್ತೆ ಮತ್ತೆ ಬೀಳುತ್ತೋ ಅಲ್ಲಿ ಅವು ಎದುರು ತಳ್ಳೋದನ್ನು ಕಲೀತವೆ. ದಾರಿಯ ಏರುಪೇರು ನಿಮ್ಮ ಕೈ ತನಕ ಬರೋದೇ ಇಲ್ಲ."

"ಅಂದ್ರ ಸೊಸಿ ಇದ್ದಂಗ. ಅತ್ತಿ ಎಲ್ಲೆ ಸಿಡಿತಾಳ ಅಂತ ಮೊದಲ ತಿಳಕೊಂಡು, ಅಲ್ಲೆ ಸಂಭಾಳಿಸತೈತಿ."

ದೇಚಮ್ಮ ನಕ್ಕರು. "ಹಾಗೇ ಅಂದ್ಕೊಳ್ಳಿ. ಆದರೆ ಈ ಸೊಸೆ ಕಲಿತಿದ್ದನ್ನು ಬೇಗ ಮರೆಯೋಳಲ್ಲ."

ಅಷ್ಟರಲ್ಲಿ ರಾಜೇಸಾಬನ ಹೆಂಡತಿ ದಾವಲಬಿ ಚಹಾ ತಂದಳು. ಓಟದಂಗಳದ ಬದಿಯಲ್ಲಿ ಚಹಾದಂಗಡಿ ಅವಳದು. ಎಲ್ಲರಿಗೂ ಲೋಟದ ತುಂಬ ಕೊಟ್ಟಳು, ಗಂಡನಿಗೆ ಮಾತ್ರ ಅರ್ಧ.

"ಏನವ್ವಾ ದಾವಲಬಿ, ದುಡಿಯೋ ಗಂಡಗ ಅರ್ಧಾ, ಕೂತು ತಿನ್ನೋ ನನಗ ಪೂರಾ," ಎಂದ ವಿರುಪಾಕ್ಷಿ. ಗಾಲಿ ಬದಲಿಸುವವರ ಮೇಸ್ತ್ರಿ ಅವನು.

"ನೀ ರೊಕ್ಕಾ ಕೊಟ್ಟು ಕುಡಿತಿ, ಅಂವ ಪುಕ್ಕಟ ಕುಡಿತಾನ," ಎಂದಳು ಅವಳು. ಎಲ್ಲರೂ ನಕ್ಕರು. ರಾಜೇಸಾಬ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅವರಿಗೆ ಬೆನ್ನು ಮಾಡಿ ಕುಡಿದ.

ಆ ತಂಡದಲ್ಲಿ ಒಂದು ಪದ್ಧತಿ ಇತ್ತು. ಆ ಕಡೆ ಕೂಸು ಹುಟ್ಟಿದರೆ ಮೊದಲು ಹೊಸ ಬಟ್ಟೆ ಹಾಕುವುದಿಲ್ಲ. ಹಿರಿಯರು ಉಟ್ಟು ಮೆತ್ತಗಾದ ಸೀರೆಯಲ್ಲೋ ಧೋತರದಲ್ಲೋ ಸುತ್ತುತ್ತಾರೆ, ಅವರ ಆಯುಷ್ಯ ಇದಕ್ಕೂ ಬರಲಿ ಎಂದು. ಹಾಗೆಯೇ ಓಟಕ್ಕೆ ಹೊಸದಾಗಿ ಇಳಿಯುವವರಿಗೆ ಹಿರಿಯನು ಓಡಿಸಿ ಪಳಗಿಸಿದ ಗಾಲಿಗಳನ್ನೇ ಮೊದಲು ಹಾಕುತ್ತಿದ್ದರು. ಹಿರಿಗಾಲಿ ಎನ್ನುತ್ತಿದ್ದರು. ಆ ಸಲ ಹೊಸದಾಗಿ ಇಳಿಯಬೇಕಾಗಿದ್ದವಳು ನೀಲಗಂಗಾ. ಟ್ರ್ಯಾಕ್ಟರ್ ಓಡಿಸಿ ಕೈ ಪಳಗಿದ ಹುಡುಗಿ. ಈ ದಿನಕ್ಕಾಗಿ ಕಾದು ಕಾದು ಮದುವೆಯ ಮಾತನ್ನೂ ಮುಂದಕ್ಕೆ ಹಾಕಿದ್ದಳು.

ಓಟದ ಹಿಂದಿನ ದಿನ ರಾಜೇಸಾಬನ ಕಲಿಗಾಲಿಗಳನ್ನು ಅವಳ ಕಾರಿಗೆ ಹಾಕಿದರು. ನೇರ ದಾರಿಯಲ್ಲೇ ಕಾರಿನ ಮೂತಿ ಸಣ್ಣಗೆ ನಡುಗತೊಡಗಿತು. ತಿರುವಿನಲ್ಲಿ ನಡುಕ ಹೆಚ್ಚಾಗಿ, ಕಾರು ಗೋಡೆಯನ್ನು ಸವರಿಕೊಂಡೇ ಬಂತು.

"ನಿನ್ನ ಕೈ ಇನ್ನೂ ಗಟ್ಟಿ ಆಗಿಲ್ಲವ್ವಾ," ಎಂದ ವಿರುಪಾಕ್ಷಿ. "ನಾಳಿಗಿ ಬ್ಯಾಡ. ಮುಂದಿನ ವರ್ಷ ನೋಡೂಣು."

"ಕೈ ನಡುಗಿಲ್ರೀ ಮೇಸ್ತ್ರಿ, ಗಾಲಿ ನಡುಗತೈತಿ," ಎಂದಳು ನೀಲಗಂಗಾ. "ನಮ್ಮ ಅಜ್ಜನ ಮ್ಯಾಲ ಆಣಿ."

"ಕುಣಿಯಾಕ ಬರದಾಕಿ ಅಂಗಳ ಡೊಂಕು ಅಂದಳಂತ," ಎಂದ ವಿರುಪಾಕ್ಷಿ.

ದೇಚಮ್ಮ ಹಿಡಿತಮಾಪಕವನ್ನು ಗಾಲಿಗೆ ತಗುಲಿಸಿದರು. ಅದು ಗಾಲಿಯ ನೆನಪನ್ನು ತೆರೆಯ ಮೇಲೆ ಗೆರೆಗಳಾಗಿ ತೋರಿಸುವ ಯಂತ್ರ. ದಾರಿಯ ಉಬ್ಬುತಗ್ಗುಗಳೆಲ್ಲ ಅಲ್ಲಿದ್ದವು. ಅವುಗಳ ಕೆಳಗೆ ಇನ್ನೊಂದು ಗೆರೆ, ಕೆರೆಯ ನೀರಿನ ಸಣ್ಣ ಅಲೆಯಂತೆ, ಎಲ್ಲಿಯೂ ನಿಲ್ಲದೆ ಹರಿದಿತ್ತು.

"ಇದು ದಾರಿಯದ್ದಲ್ಲ," ಎಂದರು ಅವರು. "ದಾರಿಯದ್ದಾದರೆ ಜಾಗಕ್ಕೆ ತಕ್ಕ ಹಾಗೆ ಬದಲಾಗಬೇಕು. ಈ ಹುಡುಗಿಯದ್ದೂ ಅಲ್ಲ, ಇವಳು ಕೂರೋದಕ್ಕೆ ಮೊದಲೇ ಇತ್ತು. ತಪ್ಪು ನನ್ನ ರಬ್ಬರಿನದ್ದೇ ಇರಬೇಕು. ಕಲಿಗಾಲಿಯನ್ನು ವಾಪಸ್ ತಗೊಂಡು ಹೋಗ್ತೇನೆ."

ರಾಜೇಸಾಬ ಆ ಗೆರೆಯನ್ನು ನೋಡುತ್ತ ನಿಂತಿದ್ದ. ಗುರುತು ಹತ್ತಿತ್ತು. ಎರಡು ವರ್ಷದಿಂದ ಅವನ ಕೈಯಲ್ಲಿ ನಡುಕ ಸೇರಿಕೊಂಡಿತ್ತು. ಊಟದ ಹೊತ್ತಿಗೆ, ಗುಂಡಿ ಹಾಕುವಾಗ, ಲೋಟ ಹಿಡಿದಾಗ ಬರುತ್ತಿತ್ತು. ಆಮೇಲೆ ಕಾರಿನಲ್ಲೂ ಬಂತು. ಕೈನಡುಕ ಇದ್ದವರಿಗೆ ಓಟದ ಪರವಾನಗಿ ಇಲ್ಲ. ಈ ಹೊಸ ಗಾಲಿಯ ಮೇಲೆ ಕುಳಿತ ದಿನ ಮಾತ್ರ ಕೈ ಹೇಗೋ ಸುಮ್ಮನಾಗಿತ್ತು. ಇದು ಇದ್ದರೆ ಇನ್ನೂ ಕೆಲವು ವರ್ಷ ಓಡಬಹುದು ಎಂದು ಅವನು ಆಸೆ ಕಟ್ಟಿಕೊಂಡಿದ್ದ. ಈಗ ಬಾಯಿ ತೆರೆದರೆ ಓಟ ಮುಗಿಯಿತು. ತೆರೆಯದಿದ್ದರೆ ಹುಡುಗಿಯ ಓಟ ಹೋಯಿತು, ಒಂದು ಒಳ್ಳೆಯ ಗಾಲಿಯ ಹೆಸರೂ ಕೆಟ್ಟಿತು.

"ದಾವಲಬೀ," ಎಂದು ಕರೆದ. "ಒಂದು ಚಹಾ ಕೊಡು. ಲೋಟ ತುಂಬ."

ಅವಳು ಅವನ ಮುಖ ನೋಡಿದಳು. "ಬ್ಯಾಡ್ರಿ."

"ತುಂಬ ಹಾಕು ಅಂದೆ."

ಅವಳು ಹಾಕಿದಳು. ಅವನು ಒಂದೇ ಕೈಯಲ್ಲಿ ಲೋಟ ಎತ್ತಿ ಎಲ್ಲರ ಎದುರು ಹಿಡಿದ. ಚಹಾ ಅಂಚು ದಾಟಿ ಬೆರಳ ಮೇಲೆ, ಮುಂಗೈ ಮೇಲೆ ಸುರಿಯಿತು. ಅವನು ಲೋಟ ಇಳಿಸಲಿಲ್ಲ. ಕೊನೆಗೆ ದಾವಲಬಿಯೇ ಲೋಟವನ್ನು ಕಸಿದುಕೊಂಡು ಅವನ ಕೈಯನ್ನು ಸೆರಗಿನಿಂದ ಒರೆಸಿದಳು.

"ಆ ಗೆರಿ ನಂದ್ರೀ ಮೇಡಂ," ಎಂದ ರಾಜೇಸಾಬ. "ನಿಮ್ಮ ರಬ್ಬರ್ ಚಲೋ ಐತಿ. ಹುಡುಗಿ ಕೈನೂ ಚಲೋ ಐತಿ."

ದೇಚಮ್ಮ ತೆರೆಯ ಮೇಲಿನ ಆ ಗೆರೆಯ ಉದ್ದಕ್ಕೂ ಬೆರಳಾಡಿಸಿದರು. ಆಮೇಲೆ ಮೆಲ್ಲಗೆ ಹೇಳಿದರು. "ನಿಮ್ಮ ಕೈ ನಡುಗಿದಾಗೆಲ್ಲ ಸ್ಟಿಯರಿಂಗಿನ ಮೂಲಕ ಅದು ಗಾಲಿಗೆ ಇಳಿದಿದೆ. ಗಾಲಿ ಅದನ್ನೂ ದಾರಿಯ ಏರುಪೇರು ಅಂದುಕೊಂಡು ಎದುರು ತಳ್ಳೋದನ್ನು ಕಲಿತಿದೆ. ಎರಡೂ ಸೇರಿ ಒಂದನ್ನೊಂದು ಅಳಿಸಿವೆ. ಇವಳ ಕೈ ನಡುಗಲ್ಲ. ಹಾಗಾಗಿ ಗಾಲಿಯ ತಳ್ಳಾಟವೇ ನಡುಕವಾಗಿ ಉಳಿದಿದೆ."

ವಿರುಪಾಕ್ಷಿ ರಾಜೇಸಾಬನ ಪಕ್ಕಕ್ಕೆ ಬಂದು ನಿಂತ. "ನನಗರ ಹೇಳಬಾರದಾ?"

"ಹೇಳಿದ್ರ ಕಾರಿನ ಕೀಲಿ ಕಸಗೊತಿದ್ದಿ."

"ಕಸಗೊತಿದ್ದೆ," ಎಂದು ಒಪ್ಪಿಕೊಂಡ ವಿರುಪಾಕ್ಷಿ.

ಮರುದಿನ ನೀಲಗಂಗಾ ಹೊಸ ಕಲಿಗಾಲಿಗಳ ಮೇಲೆ ಓಡಿಸಿದಳು. ಪದ್ಧತಿ ತಪ್ಪಬಾರದೆಂದು ರಾಜೇಸಾಬನ ಹಳೆಯ ಕೈಗವಸನ್ನೇ ಹಾಕಿಕೊಂಡಿದ್ದಳು. ಅವನು ಗೋಡೆಯ ಈಚೆ ಕುಳಿತು, ಕಿವಿಗೆ ರೇಡಿಯೋ ಹಚ್ಚಿಕೊಂಡು, "ಬಲಗಾಲಿ ಬಿಸಿ ಆಗೇತಿ, ಸುಮ್ನ ಬಾ ತಂಗಿ, ಅದು ಕಲಿಯೂತನಕ ಅವಸರ ಮಾಡಬ್ಯಾಡ" ಎನ್ನುತ್ತಿದ್ದ. ನೀಲಗಂಗಾ ಮೂರನೆಯವಳಾಗಿ ಬಂದಳು. ಇಳಿದವಳೇ ಅವನ ಕಾಲು ಮುಟ್ಟಲು ಬಗ್ಗಿದಾಗ, "ಗಾಲಿ ಮುಟ್ಟು, ಓಡಿದ್ದು ಅದು," ಎಂದ.

ರಾಜೇಸಾಬನ ಹಿರಿಗಾಲಿಗಳನ್ನು ದೇಚಮ್ಮ ತಮ್ಮ ಜೊತೆ ಒಯ್ದರು.

ಬೇಸಿಗೆ ಕಳೆದು ಅವರು ಮತ್ತೆ ಬಂದರು. ಚೀಲದಿಂದ ಒಂದು ಸ್ಟೀಲಿನ ಲೋಟ ತೆಗೆದರು. ಅದರ ನಡುವಿಗೆ ಬೆರಳಗಲದ ಕಪ್ಪು ರಬ್ಬರಿನ ಪಟ್ಟಿ ಸುತ್ತಿತ್ತು.

"ನಿಮ್ಮ ಬಲಮುಂದಿನ ಗಾಲಿ," ಎಂದರು. "ಕೊಯ್ದು ಮಾಡಿದ್ದು. ಅಂಗೈಯ ಬಿಸಿಗೇ ಎದುರುತಂತು ಎಚ್ಚರಾಗುತ್ತೆ. ನನ್ನ ಕೈಯಲ್ಲಿ ಇದು ನಡುಗುತ್ತೆ, ನೋಡಿ. ನಿಮ್ಮ ಕೈಯನ್ನು ಆಗಲೇ ಬಲ್ಲದು."

ಈಗ ಆ ಪಟ್ಟಿ ಊರೂರಿಗೆ ಬಂದಿದೆ. ಚಮಚಕ್ಕೆ, ಪೆನ್ನಿಗೆ, ಕ್ಷೌರದ ಕತ್ತಿಗೆ ಸುತ್ತಿ ಕೊಡುತ್ತಾರೆ. ಒಂದೆರಡು ದಿನ ಹಿಡಿದರೆ ಸಾಕು, ಹಿಡಿದವರ ನಡುಕವನ್ನು ಕಲಿತುಕೊಳ್ಳುತ್ತದೆ. ಓಟದ ಗಾಲಿ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಈಗ ಗಾಲಿಗಿಂತ ಪಟ್ಟಿಯ ಕೆಲಸವೇ ಜಾಸ್ತಿ. ವೇಗಕ್ಕೆಂದು ಹುಟ್ಟಿದ ರಬ್ಬರು ಹೀಗೆ ಅಡುಗೆಮನೆ ಸೇರೀತೆಂದು ಯಾರೂ ಎಣಿಸಿರಲಿಲ್ಲ.

ಆ ದಿನ ಮಾತ್ರ ಅಂಥದ್ದು ಒಂದೇ ಒಂದು ಇತ್ತು. ರಾಜೇಸಾಬ ಆ ಲೋಟವನ್ನು ಹೆಂಡತಿಯ ಮುಂದೆ ಚಾಚಿದ. ದಾವಲಬಿ ಕೆಟಲ್ಲು ಎತ್ತಿ ಸುರಿದಳು. ರೂಢಿಯಂತೆ ಅರ್ಧಕ್ಕೆ ಅವಳ ಕೈ ನಿಂತಿತು.

"ಯಾಕ ನಿಂತಿ?" ಎಂದ ಅವನು.

ಅವಳು ಅಂಚಿನ ತನಕ ತುಂಬಿದಳು. ಅವನು ಒಂದೇ ಕೈಯಲ್ಲಿ ಎತ್ತಿ, ಎಲ್ಲರ ಕಡೆ ಮುಖ ಮಾಡಿ, ನಿಧಾನವಾಗಿ ಕುಡಿದ.

"ರೊಕ್ಕಾ ಯಾರು ಕೊಡ್ತೀರಿ ಪೂರಾ ಲೋಟಕ್ಕ?" ಎಂದಳು ದಾವಲಬಿ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ.