ಎರಡು ಶಾಕಪ್, ಒಂದು ಎಮ್ಮೆ

ಪಿಕಪ್ಪಿನ ಅಡಿಯಲ್ಲಿ ಅಂಗಾತ ಮಲಗಿದ್ದೆ. ಹಲ್ಲುಗಳ ನಡುವೆ ಒಂದು ಬೋಲ್ಟು. ಕೈಯಲ್ಲಿ ಅದನ್ನು ಬಿಗಿಯುವ ಪಾನಾ.

ಆಗ ನನ್ನ ಕಿವಿಯ ಪಕ್ಕದಲ್ಲಿ ನಾಲ್ಕು ಕಾಲುಗಳು ಬಂದು ನಿಂತವು.

ಕಾಲುಗಳೇ ಅವು? ಬೇವಿನ ಮರದ ಬೊಡ್ಡೆಗಳು! ಆ ಭಾರಕ್ಕೆ ಕೊಲ್ಹಾಪುರಿ ಚಪ್ಪಲಿಗಳು ನರಳುತ್ತಿದ್ದವು...

"ಏ ಮಾಲಿಂಗ! ಎಲ್ಲಿ ಅದಿ?"

ಮಾಲಿಂಗ ಎಂದರೆ ನಾನೇ. ಊರು ಕೊಣ್ಣೂರ. ಕಳೆದದ್ದನ್ನು ಹುಡುಕಿಕೊಡುವುದು ನನ್ನ ಕಸುಬು. ಓಡಿಹೋದ ಮದುಮಗ, ಮಾಯವಾದ ಪಂಪ್‌ಸೆಟ್ಟು, ಮನಸ್ಸು ಬದಲಿಸಿದ ಸಾಕ್ಷಿ... ಏನನ್ನಾದರೂ ಎಳೆದು ತರುತ್ತೇನೆ. ಅಂಜುವುದು ನನ್ನ ಜಾತಕದಲ್ಲಿಯೇ ಇಲ್ಲ.

ಆದರೂ ಆ ಕ್ಷಣ ಬೋಲ್ಟನ್ನು ನುಂಗುವುದರಲ್ಲಿದ್ದೆ.

"ಇಲ್ಲೇ ಅದೀನ್ರಿ. ಕೆಳಗ."

"ಬಾಳೇಶ ಸಾವ್ಕಾರ್ರು ಕಳಿಸ್ಯಾರ. ನಿನ್ನ ಗಾಡಿ ಇವತ್ತು ಹುಕ್ಕೇರಿ ಮುಖ ನೋಡಬಾರ್ದು!"

ಯಾಕೆ ಎಂದಿರಾ? ಕೂತುಕೊಳ್ಳಿರಿ, ಹೇಳುತ್ತೇನೆ. ನೀವು ಕೇಳಬಂದ ಪಿಕಪ್ ಬಾಡಿಗೆಯ ಮಾತು ಆಮೇಲೆ.

ಮೂಡಲಗಿಯ ಅಕ್ಕವ್ವನ ಎಮ್ಮೆ ಕಳುವಾಗಿತ್ತು. ಹೆಸರು ಬೆಳ್ಳಿ, ಬಣ್ಣ ಇದ್ದಿಲು. ಅಕ್ಕವ್ವನ ಒಲೆ ಉರಿಯುತ್ತಿದ್ದುದೇ ಅದರ ಹಾಲಿನಿಂದ. ನಾನು ಆ ಎಮ್ಮೆಯನ್ನು ಸಂಕೇಶ್ವರದ ಬಾಳೇಶನ ಕೊಟ್ಟಿಗೆಯಲ್ಲಿ ಪತ್ತೆ ಹಚ್ಚಿದೆ. ಅಷ್ಟರಲ್ಲಿ ಅದರ ಕಿವಿಯ ಗುರುತಿನ ಬಿಲ್ಲೆಯನ್ನು ಯಾರೋ ಕಿತ್ತಿದ್ದರು.

"ಎಮ್ಮಿ ನಂದು," ಎಂದ ಬಾಳೇಶ.

ವ್ಯಾಜ್ಯ ಹುಕ್ಕೇರಿಯ ಪಂಚರ ಕಟ್ಟೆ ಏರಿತು. ಪಂಚರು ಒಂದೇ ಮಾತು ಹೇಳಿದರು. ಅಮಾವಾಸ್ಯೆಯ ಮಧ್ಯಾಹ್ನ ಎಮ್ಮೆಯನ್ನು ಕಟ್ಟೆಯ ಮುಂದೆ ಬಿಡುವುದು. ಅದು ತಾನಾಗಿ ಯಾರ ಕಡೆಗೆ ನಡೆಯುತ್ತದೋ, ಅವರದೇ ಎಮ್ಮೆ! ಹೊತ್ತಿಗೆ ಬಾರದಿದ್ದರೆ ಬಾಳೇಶನದು. ಅಲ್ಲಿಯವರೆಗೆ ನನ್ನ ಅಂಗಳದಲ್ಲಿರಲಿ. ಹಾಲು ಹಿಂಡಲು ಅಕ್ಕವ್ವನೂ ನನ್ನ ಮನೆಗೇ ಬಂದು ಉಳಿದಳು.

ಸುಲಭದ ಕೇಸು ಎನ್ನುತ್ತೀರಾ?

ನನ್ನ ಪಿಕಪ್ಪಿನ ಆಗಿನ ಅವತಾರವನ್ನು ನೀವು ನೋಡಿಲ್ಲ!

ಹಿಂದಿನ ಎರಡೂ ಶಾಕ್ ಅಬ್ಸಾರ್ಬರುಗಳು, ನಮ್ಮ ಬಾಯಲ್ಲಿ ಶಾಕಪ್ಪುಗಳು, ಎಣ್ಣೆ ಕಕ್ಕಿ ಸತ್ತಿದ್ದವು. ಸಂಕೇಶ್ವರದಿಂದ ಕೊಣ್ಣೂರಿಗೆ ಬರುವಷ್ಟರಲ್ಲಿ ಬೆಳ್ಳಿ ಕುಣಿದು ಕುಣಿದು ಹೈರಾಣಾದಳು. ಇಳಿದವಳೇ ಅಕ್ಕವ್ವನ ಕೈಯ ಹಿಂಡಿಯನ್ನೂ ಮೂಸದೆ ಮುಖ ತಿರುಗಿಸಿದಳು! ಆ ಮುನಿಸು ಇಳಿಯಲು ದಿನಗಳೇ ಹಿಡಿದವು. ಮತ್ತೊಮ್ಮೆ ಹಾಗೆ ಕುಣಿಸಿದರೆ ಪಂಚರೆದುರು ಅಕ್ಕವ್ವನಿಗೆ ಅವಳ ಬಾಲವೇ ಗತಿ.

ಶಾಕಪ್ ಬದಲಿಸಲೇಬೇಕು. ಆದರೆ ಹೊಸವು ಕೈಗೆ ಸಿಕ್ಕಿದ್ದೇ ಹಿಂದಿನ ರಾತ್ರಿ, ಬೆಳಗಾದರೆ ಅಮಾವಾಸ್ಯೆ! ನಮ್ಮೂರ ಮೇಸ್ತ್ರಿ ಅಂದು ಪಾನಾಗಳಿಗೆ ಕುಂಕುಮ ಹಚ್ಚಿ ಕೈಮುಗಿಯುತ್ತಾನೆಯೇ ಹೊರತು ಮುಟ್ಟುವುದಿಲ್ಲ.

ನಾನೇ ಅಂಗಳದಲ್ಲಿ ಗಾಡಿಯ ಕೆಳಗೆ ನುಗ್ಗಿದೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಕುಡಿಸಿದೆ. ಬಾಯಿ ಬಿಡಲಿಲ್ಲ. ಸುತ್ತಿಗೆಯಿಂದ ವಿಚಾರಿಸಿದೆ.

ಬಿಟ್ಟವು!

ಹೊಸ ಶಾಕಪ್ಪುಗಳ ಮೇಲ್ತುದಿ ಸಲೀಸಾಗಿ ಕೂತಿತು. ಕೆಳತುದಿ ಮಾತ್ರ ಎರಡು ಬೆರಳು ಮೇಲೆಯೇ ನಿಂತಿತು. ಕಬ್ಬು ಹೇರಲೆಂದು ಹಿಂದೊಮ್ಮೆ ಸ್ಪ್ರಿಂಗಿಗೆ ಹೆಚ್ಚುವರಿ ಪಾಟಾ, ಅಂದರೆ ಉಕ್ಕಿನ ಪಟ್ಟಿ, ಹಾಕಿಸಿದ್ದೆ. ಖಾಲಿ ಗಾಡಿ ಅದಕ್ಕೇ ಬೆನ್ನೆತ್ತಿ ನಿಲ್ಲುತ್ತಿತ್ತು. ಮೇಲೆ ಭಾರ ಬಿದ್ದರಷ್ಟೇ ಅದು ತಗ್ಗಬೇಕು, ಶಾಕಪ್ಪಿನ ತೂತಿಗೆ ಅಚ್ಚಿನ ತೂತು ಕೂಡಬೇಕು.

ಅಂಗಳದಲ್ಲಿದ್ದ ಭಾರ ಒಂದೇ. ಬೆಳ್ಳಿ!

ಅವಳು ಮಣ್ಣಿನ ದಿಬ್ಬದಿಂದ ಮುಂಗಾಲೊಂದನ್ನು ಗಾಡಿಯೊಳಗಿಟ್ಟಳು. ಗಾಡಿ ತೂಗಾಡಿತು. ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

ಬೆಳ್ಳಿ ಹತ್ತದೆ ಶಾಕಪ್ ಕೂರದು. ಶಾಕಪ್ ಕೂರದೆ ಬೆಳ್ಳಿ ಹತ್ತಳು.

ಸೂರ್ಯ ಏರುತ್ತಿದ್ದ... ಆಗಲೇ ಆ ನಾಲ್ಕು ಕಾಲುಗಳು ಬಂದದ್ದು. ಸತ್ತೆಪ್ಪ, ಮಾಳಪ್ಪ. ಸಂಕೇಶ್ವರದ ತಾಲೀಮಿನ, ಅಂದರೆ ಗರಡಿಮನೆಯ, ಪೈಲ್ವಾನರು.

"ಗಾಡಿ ಹೆಂಗ ತಡೀತೀರಿ?" ಎಂದು ಕೆಳಗಿನಿಂದಲೇ ಕೇಳಿದೆ.

"ಹೆಂಗಂದ್ರ? ಮ್ಯಾಲೆ ಹತ್ತಿ ಕುಂದರತೇವಿ," ಎಂದ ಸತ್ತೆಪ್ಪ. "ಮಧ್ಯಾಹ್ನ ಆಗೂತನಕ ಇಳಿಯೂದಿಲ್ಲ. ಏನ್ ಮಾಡ್ಕೋತಿ ಮಾಡ್ಕೋ!"

ನನ್ನ ಹೃದಯ ಒಂದು ಬಡಿತ ತಪ್ಪಿತು.

ಸಂತೋಷದಿಂದ!

"ಬ್ಯಾಡ್ರಿ!" ಎಂದು ಗೋಗರೆದೆ. "ನಿಮ್ಮ ಕಾಲಿಗೆ ಬೀಳತೇನಿ! ಅದೊಂದ ಮಾಡಬ್ಯಾಡ್ರಿ!"

ಮಾಡಿದರು.

ಗಾಡಿ ಕುಸಿಯಿತು. ಚಾಸಿ ನನ್ನ ಮೂಗಿನ ತುದಿಯನ್ನು ಮುಟ್ಟಿ ನಿಂತಿತು. ಎಡಗಡೆ ತೂತು ತೂತಿಗೆ ಕಣ್ಣು ಹೊಡೆಯಿತು. ಬೋಲ್ಟು ಒಳಗೆ!

"ಕೆಳಗ ಏನ್ ಮಾಡಾಕತ್ತಿ?" ಎಂದ ಮಾಳಪ್ಪ.

"ಅಳಾಕತ್ತೇನ್ರಿ."

"ಅಳು. ಸದ್ದ ಮಾಡಬ್ಯಾಡ."

ಬಲಗಡೆಗೆ ತೆವಳಿದೆ. ಅಲ್ಲಿ ಇನ್ನೂ ಒಂದು ಕೂದಲೆಳೆ ಕಮ್ಮಿ! ಬಾಗಿಲಲ್ಲಿ ನಿಂತ ಅಕ್ಕವ್ವ ಸೂರ್ಯನನ್ನೊಮ್ಮೆ, ನನ್ನ ಪಾದಗಳನ್ನೊಮ್ಮೆ ನೋಡುತ್ತಿದ್ದಳು.

"ಪೈಲ್ವಾನ್ರ, ಒಂದ ಮಾತ ಕೇಳಲೇನ್ರಿ?"

"ಏನು?"

"ನಿಮ್ಮ ತಾಲೀಮಿನ್ಯಾಗ ಈಗ ಬೈಠಕ್ ಹೊಡಿಯಾವ್ರ ಉಳದಿಲ್ಲಂತ. ಎಲ್ಲಾರೂ ಬರೇ ಮೊಬೈಲ್ ನೋಡ್ತಾರಂತ..."

ಮೇಲೆ ಹಲಗೆ ಕಿರುಗುಟ್ಟಿತು.

"ಯಾಂವ ಅಂದಾಂವ?"

"ಮೂಡಲಗಿ ಮಂದಿ ಅಂತಾರ್ರಿ."

"ಮಾಳ್ಯಾ, ಏಳೋ! ಈ ಮಗಾಗ ತೋರಸೂಣು!"

"ಬಲಕ್ಕ ನಿಂತ ಹೊಡೀರಿ," ಎಂದೆ ವಿನಯದಿಂದ. "ಎಡಕ್ಕ ಹಲಗಿ ಸಡ್ಲ ಐತಿ."

ಒಂದು... ಎರಡು... ಮೂರನೆಯ ಬೈಠಕ್ಕಿಗೆ ಇಬ್ಬರೂ ಒಟ್ಟಿಗೆ ಕುಕ್ಕರಿಸಿದರು. ತೂತು ಕೂಡಿತು. ಬೋಲ್ಟು ಹೊಕ್ಕಿತು. ನಟ್ಟು ಬಿಗಿದೆ.

ಇನ್ನು ಇವರನ್ನು ಇಳಿಸಬೇಕು... ನಾನು ಬಾಯಿ ತೆರೆಯುವ ಮುನ್ನವೇ ಅಕ್ಕವ್ವ ಚರಿಗೆ ಹಿಡಿದು ಮುಂದೆ ಬಂದಿದ್ದಳು.

"ಎಷ್ಟ ಬೆವತೀರೋ ಯಪ್ಪಾ! ಬರ್ರಿ, ಹಾಲ ಕುಡೀರಿ. ಈಗ ಹಿಂಡೇನಿ, ನೊರಿ ಆರಿಲ್ಲ."

"ಇಲ್ಲೇ ಕೊಡ ಯವ್ವಾ."

"ಪೈಲ್ವಾನ್ ಮಂದಿಗೆ ನಿಂದರಿಸಿ ಹಾಲ ಕೊಡತಾರೇನು? ಪಡಸಾಲ್ಯಾಗ ಚಾಪಿ ಹಾಸೇನಿ. ಚರಿಗಿ ಒಂದ ಐತಿ. ಮದಲ ಯಾರು?"

"ನಾ!" ಎಂದ ಸತ್ತೆಪ್ಪ.

"ನಾ ದೊಡ್ಡಾಂವ!" ಎಂದ ಮಾಳಪ್ಪ.

ಇಬ್ಬರೂ ಧುಮುಕಿ ಒಳಗೆ ಓಡಿದರು. ಅಕ್ಕವ್ವ ಹೊರಗಿನಿಂದ ಚಿಲಕ ಹಾಕಿದಳು.

"ಏನ್ ನೋಡತಿ, ಮಾಲಿಂಗ? ಗಾಡಿ ಚಾಲೂ ಮಾಡೋ!"

ಬೆಳ್ಳಿ ದಿಬ್ಬವೇರಿ ಮುಂಗಾಲಿಟ್ಟಳು. ತಡೆದಳು. ಗಾಡಿ ಅಲುಗಲಿಲ್ಲ. ಮಹಾರಾಣಿಯ ಹಾಗೆ ಒಳಗೆ ಕಾಲಿಟ್ಟಳು! ಅಕ್ಕವ್ವ ಮುಂದೆ ನನ್ನ ಪಕ್ಕ ಹತ್ತಿ ಕೂತಳು.

ಘಟಪ್ರಭಾ ದಾಟುವಷ್ಟರಲ್ಲಿ ಕನ್ನಡಿಯಲ್ಲಿ ಒಂದು ಬೈಕು ಕಂಡಿತು. ಅದರ ಮೇಲೆ ಪೈಲ್ವಾನರು. ಮಾಳಪ್ಪನ ಕಂಕುಳಲ್ಲಿ ನನ್ನ ಮನೆಯ ಬಾಗಿಲು! ಚಿಲಕ ತೆಗೆಯಲು ಬಾರದ್ದಕ್ಕೆ ಬಾಗಿಲನ್ನೇ ಕಿತ್ತು ತಂದಿದ್ದರು.

"ನಿಂದರಸೋ! ನಿನ್ನ ಹಲ್ಲ ಮುರೀತೇನಿ!"

ಎದುರಿಗೆ ಸಾಲಾಗಿ ಸ್ಪೀಡ್ ಬ್ರೇಕರುಗಳು. ನಾನು ವೇಗ ತಗ್ಗಿಸಲಿಲ್ಲ. ಪಿಕಪ್ ಬೆಣ್ಣೆಯ ಮೇಲೆ ಜಾರಿದಂತೆ ದಾಟಿತು. ಬೆಳ್ಳಿ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿದ್ದಳು...

ಬೈಕು ಮೊದಲನೆಯದನ್ನು ಹಾರಿತು. ಎರಡನೆಯದಕ್ಕೆ ಬಾಗಿಲು ಹಾರಿತು. ಮೂರನೆಯದರಲ್ಲಿ ಕುಡಿದ ಹಾಲೆಲ್ಲ ಬಂದ ದಾರಿಯಲ್ಲೇ ಹೊರಟಿತು. ಇಬ್ಬರೂ ಕಬ್ಬಿನ ಹೊಲದ ಬದುವಿನಲ್ಲಿ ಹೊಟ್ಟೆ ಹಿಡಿದು ಕೂತರು.

ಹುಕ್ಕೇರಿ. ಮಟಮಟ ಮಧ್ಯಾಹ್ನ. ಗಾಡಿಯ ಹಿಂಬದಿಯನ್ನು ಕಟ್ಟೆಗೆ ತಾಗಿಸಿ ಬೆಳ್ಳಿಯನ್ನು ಇಳಿಸಿದೆ. ಒಂದು ಕಡೆ ಬುಟ್ಟಿ ತುಂಬ ಹಿಂಡಿ ಹಿಡಿದ ಬಾಳೇಶ. ಇನ್ನೊಂದು ಕಡೆ ಬರಿಗೈಯ ಅಕ್ಕವ್ವ.

"ಬೆಳ್ಳೀ... ಬಾರವ್ವಾ..."

ಬೆಳ್ಳಿ ಬಾಳೇಶನನ್ನು ನೋಡಿದಳು. ಅಕ್ಕವ್ವನನ್ನು ನೋಡಿದಳು. ಆಮೇಲೆ ಗಂಭೀರವಾಗಿ ತಿರುಗಿ, ಕಟ್ಟೆ ಏರಿ, ಪಿಕಪ್ಪಿನೊಳಗೆ ಹೋಗಿ ಮಲಗಿದಳು!

ಹಿರಿಯ ಪಂಚ ಗುರುಲಿಂಗಪ್ಪನವರು ಬಹಳ ಹೊತ್ತು ಮೀಸೆ ತಿರುವಿದರು.

"ಪಿಕಪ್ ಯಾರ್ದು?"

"ನಂದ್ರಿ."

"ಮಾತ ಅಂದ್ರ ಮಾತ. ಹಂಗಾರ ಎಮ್ಮಿ ನಿಂದ."

ಬಾಳೇಶನ ಕೈಯಿಂದ ಬುಟ್ಟಿ ಬಿದ್ದಿತು. ಅಕ್ಕವ್ವನ ಮುಖ ಬಿಳಿಚಿತು.

ನಾನು ಹಗ್ಗವನ್ನು ಅವಳ ಕೈಗಿಟ್ಟೆ. "ನನ್ನ ಎಮ್ಮಿ, ನನ್ನ ಮರ್ಜಿ. ಕೇಸ್ ಮುಗೀತು, ಕಾಕೂ."

ಅವಳು ಕಣ್ಣೊರೆಸಿಕೊಂಡಳು. ಕೂಡಲೇ ಬೈದಳು. "ಇಷ್ಟ ಛಲೋ ಶಾಕಪ್ ಯಾಕ ಹಾಕಿದ್ಯೋ, ಮೂಳಾ!"

ಖರೆ ಮಾತು. ಮೂಡಲಗಿಗೆ ಮುಟ್ಟಿಸಿದೆ. ಬೆಳ್ಳಿ ಇಳಿಯಲಿಲ್ಲ. ಹಿಂಡಿ ಇಟ್ಟೆವು, ಇಳಿಯಲಿಲ್ಲ. ಬಾಲ ಜಗ್ಗಿದೆ, ಒದ್ದಳು. ಈಗಲೂ ಮೂಡಲಗಿಯಲ್ಲಿ ಗಾಡಿಯೊಳಗೇ ಇದ್ದಾಳೆ. ದಿನಾ ಸಂಜೆ ನಾನು ಹೋಗಿ ಊರ ಸುತ್ತ ಒಂದು ರೌಂಡ್ ಹೊಡೆಸಿದರಷ್ಟೇ ಹಾಲು ಬಿಡುತ್ತಾಳೆ.

ಪಿಕಪ್ಪು ಬಾಡಿಗೆಗೆ ಬೇಕೆಂದು ಬಂದಿದ್ದೀರಲ್ಲ... ಮೂಡಲಗಿಗೆ ಹೋಗಿ ಬೆಳ್ಳಿಯನ್ನು ಕೇಳಿರಿ.

ಗಾಡಿ ಅವಳದು. ನಾನು ಬರೀ ಡ್ರೈವರ್!