ಮೂರು ಗೀಟಿನ ಪೊಟ್ಟಣ

ಸೋಮವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಬ್ರೇಕಿನ ಮೇಲೆ ಕಾಲಿಟ್ಟುಕೊಂಡಿರುವ ಅಭ್ಯಾಸಕ್ಕೋ ಏನೋ, ನಿಂತಲ್ಲೂ ಅವಳ ಬಲಗಾಲು ನೆಲವನ್ನು ಒತ್ತುತ್ತಲೇ ಇತ್ತು.

"ದೂರು ಕೊಡ್ಬೇಕು. ನೀರಿನ ವಿಷಯ," ಎಂದಳು.

ಠಾಣೆಯವರೆಲ್ಲ ದಫೇದಾರರೆಂದು ಕರೆಯುವ ಹೆಡ್ ಕಾನ್‌ಸ್ಟೇಬಲ್ ತಲೆ ಎತ್ತದೆಯೇ ಹೇಳಿದರು. "ನೀರು ಬರ್ತಿಲ್ಲ ಅಂದ್ರೆ ನೀರು ಸರಬರಾಜು ಕಚೇರಿಗೆ ಹೋಗ್ಬೇಕಮ್ಮ."

"ಬರ್ತಿದೆ. ಅದನ್ನ ಕುಡ್ಕೊಂಡು ನಮ್ಮತ್ತೆ ಆಸ್ಪತ್ರೇಲಿ ಮಲಗಿದ್ದಾರೆ."

ಅಷ್ಟರಲ್ಲಿ ಅವಳ ಕಣ್ಣು ದಫೇದಾರರ ಮೇಜಿನ ಮೇಲಿದ್ದ ಎರಡು ಲೀಟರಿನ ನೀಲಿ ಮುಚ್ಚಳದ ಬಾಟಲಿಯ ಮೇಲೆ ಬಿತ್ತು. "ಇದೇ! ಇದೇ ನೀರು!"

ದಫೇದಾರರು ಬಾಟಲಿಯನ್ನು ಮೆಲ್ಲಗೆ ಮೇಜಿನ ಕೆಳಕ್ಕೆ ಸರಿಸಿದರು. ತಡವಾಗಿತ್ತು. ಇನ್‌ಸ್ಪೆಕ್ಟರ್ ಮೇಡಂ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿಯಾಗಿತ್ತು.

"ಒಳಗೆ ಬನ್ನಿ," ಎಂದರು ಮೇಡಂ ಆ ಹೆಂಗಸಿಗೆ. ಆಮೇಲೆ ದಫೇದಾರರ ಕಡೆ ತಿರುಗಿ, "ನೀವೂ ಬನ್ನಿ. ಬಾಟಲಿನೂ ತನ್ನಿ," ಎಂದರು.

ವಿಚಾರಣೆ ಹತ್ತು ನಿಮಿಷದಲ್ಲಿ ಮುಗಿಯಿತು.

"ಯಾವ ನೀರು?"

"ಆಲ್ಕಲೈನ್ ನೀರಂತೆ. ಯಂತ್ರದೊಳಗೆ ಕರೆಂಟ್ ಹಾಯಿಸಿ ತೆಗೀತಾರೆ. ಮೈಯೊಳಗಿನ ಆಮ್ಲ ಹೋದ್ರೆ ಯಾವ ಕಾಯಿಲೆನೂ ಉಳಿಯಲ್ಲ ಅಂತಾರೆ."

"ಯಾರು?"

"ನೀರು ಮೇಷ್ಟ್ರು. ಎಲ್ಲರೂ ಹಾಗೇ ಕರೀತಾರೆ. ಹೆಸರು ಗೊತ್ತಿಲ್ಲ. ಫೋನು ನಿನ್ನೆಯಿಂದ ಆಫ್."

"ನಿಮ್ಮತ್ತೆಗೆ ಏನು ಕಾಯಿಲೆ?"

"ಫಿಟ್ಸ್. ಹನ್ನೊಂದು ವರ್ಷದಿಂದ ಮಾತ್ರೆ ತಗೊಳ್ತಿದ್ರು, ಒಂದು ಸಲಾನೂ ಬಂದಿರ್ಲಿಲ್ಲ. ಮೂರು ವಾರದ ಹಿಂದೆ ಮಾತ್ರೆ ನಿಲ್ಲಿಸಿ ಈ ನೀರು ಹಿಡಿದ್ರು. ನಿನ್ನೆ ಬೆಳಿಗ್ಗೆ ಬಚ್ಚಲಲ್ಲಿ ಬಿದ್ರು. ಒಂದರ ಹಿಂದೆ ಒಂದು ನಾಲ್ಕು ಸಲ ಬಂತು. ಇನ್ನೂ ಎಚ್ಚರ ಇಲ್ಲ."

ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ಅತ್ತೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆಂಬುದು ಆಸ್ಪತ್ರೆಯ ಡಾಕ್ಟರಿಗೆ ಗೊತ್ತಾಗಬೇಕಿತ್ತು. ಮೊದಮೊದಲು ಕೊಟ್ಟ ಒಂದು ಮಾತ್ರೆ ಒಗ್ಗದೆ ಆಕೆಯ ಮೈಯೆಲ್ಲ ಬೊಬ್ಬೆ ಎದ್ದು ಜೀವಕ್ಕೇ ಬಂದಿತ್ತು. ಅದು ಯಾವುದೆಂದು ಮನೆಯಲ್ಲಿ ಯಾರಿಗೂ ತಿಳಿಯದು. ಆಗ ನೋಡಿದ್ದ ಡಾಕ್ಟರು ಈಗಿಲ್ಲ. ಫಿಟ್ಸ್ ಇದೆಯೆಂದು ನಾಲ್ಕು ಜನಕ್ಕೆ ಗೊತ್ತಾದರೆ ನಾಚಿಕೆಯೆಂದು ಅತ್ತೆ ಎಲ್ಲೋ ದೂರದ ಅಂಗಡಿಗೆ ತಾನೇ ಹೋಗಿ ಮಾತ್ರೆ ತರುತ್ತಿದ್ದರು.

"ಚೀಟಿ?"

"ಅದೆಲ್ಲಾ ಬರೆದಿದ್ದ ಚೀಟಿ, ಮಾತ್ರೆ ಎರಡನ್ನೂ ಮೇಷ್ಟ್ರು ಪೆಟ್ಟಿಗೆಗೆ ಹಾಕಿಸಿಕೊಂಡ್ರು. 'ಮಾತ್ರೆಯಿಂದ ಬಿಡುಗಡೆ' ಅಂತ ಅಲ್ಲೊಂದು ಪೆಟ್ಟಿಗೆ ಇದೆ. ಅತ್ತೇನ ಅಲ್ಲಿಗೆ ಕಾರಲ್ಲಿ ಬಿಡ್ತಿದ್ದಿದ್ದು ನಾನೇ. ಊರವರ ಕಾರಿಗೆಲ್ಲಾ ಬ್ರೇಕ್ ಹಾಕ್ತೀನಿ ಮೇಡಂ, ನಮ್ಮನೇಲಿ ಹಾಕ್ಲಿಲ್ಲ."

ಮೇಡಂ ಆಸ್ಪತ್ರೆಗೆ ಫೋನು ಮಾಡಿದರು. ಡಾಕ್ಟರ ಮಾತು ಇನ್ನೂ ನೇರವಾಗಿತ್ತು. "ಸದ್ಯಕ್ಕೆ ಇಂಜೆಕ್ಷನ್ ಮೇಲೆ ತಡೆದಿದ್ದೀವಿ. ಇದು ಬಹಳ ಹೊತ್ತು ನಡೆಯಲ್ಲ. ಊಹೆ ಮೇಲೆ ಮಾತ್ರೆ ಕೊಡೋಕೆ ಭಯ. ಸಂಜೆಯೊಳಗೆ ಆ ಚೀಟಿ ಸಿಕ್ಕಿದ್ರೆ ದೊಡ್ಡ ಉಪಕಾರ."

10.50ಕ್ಕೆ ಎಫ್‌ಐಆರ್ ದಾಖಲಾಯಿತು. ವಂಚನೆ, ಸುಳ್ಳು ಚಿಕಿತ್ಸೆಯ ಪ್ರಚಾರ, ಪ್ರಾಣಕ್ಕೆ ಅಪಾಯ ತಂದದ್ದು. ಆರೋಪಿಯ ಹೆಸರಿನ ಜಾಗದಲ್ಲಿ "ನೀರು ಮೇಷ್ಟ್ರು ಎಂದು ಕರೆಯಲ್ಪಡುವ ವ್ಯಕ್ತಿ" ಎಂದು ಬರೆಯಬೇಕಾಯಿತು.

ಜೀಪು ಹತ್ತಿದ ಮೇಲೆ ಮೇಡಂ ಕೇಳಿದರು. "ನೀವು ಯಾಕ್ರೀ ಹೋಗಿದ್ರಿ ಅಲ್ಲಿಗೆ?"

"ಗ್ಯಾಸ್ ಮೇಡಂ."

"ನಿಮಗೆ ಬಿ.ಪಿ. ಬೇರೆ ಇದೆಯಲ್ಲ? ಆ ಮಾತ್ರೆ?"

ದಫೇದಾರರು ಕಿಟಕಿಯಾಚೆ ನೋಡಿದರು. "ಪೆಟ್ಟಿಗೆಗೆ ಹಾಕ್ದೆ. ಹಾಕಿದ್ರೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ತಾರೆ ಮೇಡಂ. ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ನನಗೆ ಯಾರೂ ಚಪ್ಪಾಳೆ ತಟ್ಟಿರ್ಲಿಲ್ಲ."

ಮೇಡಂಗೆ ನಗು ಬಂತು, ಜೊತೆಗೆ ಪಾಪ ಅನ್ನಿಸಿತು. ಎರಡನ್ನೂ ತೋರಿಸಿಕೊಳ್ಳಲಿಲ್ಲ.

ನೀರು ಮೇಷ್ಟ್ರ ಸಭೆ ನಡೆಯುತ್ತಿದ್ದದ್ದು ಬೇಕರಿಯ ಮೇಲಿನ ಹಾಲಿನಲ್ಲಿ. 11.45ಕ್ಕೆ ಕಟ್ಟಡದ ಮಾಲೀಕ ಬೀಗ ತೆಗೆದ. ಅವನಿಗೂ ಗೊತ್ತಿದ್ದದ್ದು ಫೋನ್ ನಂಬರು ಮಾತ್ರ. ನಲವತ್ತು ಪ್ಲಾಸ್ಟಿಕ್ ಕುರ್ಚಿ, ಗೋಡೆಯ ಮೇಲೆ ಅರವತ್ತಮೂರು ಕಾಯಿಲೆಗಳ ಪಟ್ಟಿ, ಮೇಜಿನ ಮೇಲೆ ಬಿಳಿ ಯಂತ್ರ, ಸಾಲಾಗಿ ಗಾಜಿನ ಲೋಟಗಳು, ಒಂದು ಪುಟ್ಟ ಡ್ರಾಪ್ ಬಾಟಲಿ. ಜಪ್ತಿಗೆ ಸಾಕ್ಷಿ ನಿಲ್ಲುವ ಪಂಚರಾಗಿ ಕೆಳಗಿನ ಬೇಕರಿಯವನನ್ನೂ ಎದುರಿನ ಶಾಲೆಯ ವಿಜ್ಞಾನದ ಟೀಚರನ್ನೂ ಕರೆಸಿದರು.

"ಮೇಷ್ಟ್ರು ಏನು ತೋರಿಸ್ತಿದ್ರೋ ಅದನ್ನೇ ಮಾಡಿ ತೋರಿಸಿ," ಎಂದರು ಮೇಡಂ.

ದಫೇದಾರರು ಮಾಡಿ ತೋರಿಸಿದರು. ಒಂದು ಲೋಟಕ್ಕೆ ನಲ್ಲಿ ನೀರು, ಒಂದಕ್ಕೆ ಯಂತ್ರದ ನೀರು. ಎರಡಕ್ಕೂ ಮೂರು ಹನಿ. ನಲ್ಲಿಯದು ಹಳದಿಯಾಯಿತು, ಯಂತ್ರದ್ದು ನೀಲಿ. "ಹಳದಿ ಅಂದ್ರೆ ರೋಗ, ನೀಲಿ ಅಂದ್ರೆ ಆರೋಗ್ಯ ಅಂತಾರೆ ಮೇಡಂ."

ಟೀಚರು ಬೇಕರಿಯವನಿಗೆ ಏನೋ ಹೇಳಿದರು. ಅವನು ಕೆಳಗೆ ಹೋಗಿ ಒಂದು ಚಿಟಿಕೆ ಅಡುಗೆ ಸೋಡಾ ತಂದ. ಅದನ್ನು ಹಳದಿ ಲೋಟಕ್ಕೆ ಹಾಕಿ ಕಲಕಿದ್ದೇ ತಡ, ನೀರು ನೀಲಿಯಾಯಿತು.

ದಫೇದಾರರ ಮುಖ ಹುಳ್ಳಗಾಯಿತು. "ಹಾಗಾದ್ರೆ ನಾನು ಇಷ್ಟು ದಿನ ಕುಡಿದದ್ದು ಸೋಡಾ ಪುಡಿನಾ?"

"ಅಲ್ಲ," ಎಂದರು ಟೀಚರು. "ಯಂತ್ರದ್ದು ನಿಜವಾಗಿಯೂ ಕ್ಷಾರೀಯ ನೀರೇ. ಬಣ್ಣ ಸುಳ್ಳಲ್ಲ, ಬಣ್ಣ ತೋರಿಸಿ ಹೇಳಿದ ಮಾತು ಸುಳ್ಳು. ಹೊಟ್ಟೆಗಿಳಿದ್ರೆ ಅಲ್ಲಿನ ಆಮ್ಲ ಇದನ್ನ ಸುಮ್ಮನಾಗಿಸಿಬಿಡುತ್ತೆ. ರಕ್ತವನ್ನ ಹದದಲ್ಲಿ ಇಟ್ಟುಕೊಳ್ಳೋಕೆ ಶ್ವಾಸಕೋಶ, ಮೂತ್ರಪಿಂಡ ಇವೆ. ಬಾಯಾರಿದಾಗ ಕುಡೀರಿ, ಯಾರು ಬೇಡ ಅಂದ್ರು? ಮಾತ್ರೆ ಬದಲಿಗೆ ಬೇಡ."

ಬಿಡುಗಡೆಯ ಪೆಟ್ಟಿಗೆ ಮೂಲೆಯಲ್ಲಿತ್ತು. ಮೇಡಂ ಮುಚ್ಚಳ ಎತ್ತಿದರು. ಖಾಲಿ. ಮೇಷ್ಟ್ರು ಎಲ್ಲವನ್ನೂ ಚರಂಡಿಗೆ ಸುರಿದು ಕೈ ತೊಳೆದುಕೊಂಡಿದ್ದರೆ ಮುಂದಿನ ದಾರಿಯೇ ಇಲ್ಲ. ಪೆಟ್ಟಿಗೆಯನ್ನು ಬೋರಲು ಹಾಕಿ ತಟ್ಟಿದರು. ತಳದ ಹಲಗೆಯ ಸಂದಿಯಿಂದ ಒಂದು ಕಾಗದದ ಪೊಟ್ಟಣ ಜಾರಿ ಬಿತ್ತು.

ಹೆಬ್ಬೆರಳಗಲದ ಪೊಟ್ಟಣ. ಅಂಟಿಲ್ಲ, ಪಿನ್ನಿಲ್ಲ. ಕಾಗದದ ಒಂದು ತುದಿ ಇನ್ನೊಂದರೊಳಗೆ ಬಿಗಿಯಾಗಿ ಸೇರಿಕೊಂಡಿತ್ತು. ಒಳಗೆ ಬಿಳಿ ಮಾತ್ರೆಗಳು. ಮೇಲೆ ಪಕ್ಕಪಕ್ಕದಲ್ಲಿ ಮೂರು ಗೀಟು, ನಡುವಿನದರ ಮೇಲೆ ಅಡ್ಡ ಹೊಡೆದಿತ್ತು. ಬಿಸಾಡುವ ಮಾತ್ರೆಯನ್ನು ಇಷ್ಟು ಮುತುವರ್ಜಿಯಿಂದ ಯಾರು ಕಟ್ಟುತ್ತಾರೆ? ಮೇಡಂ ಪೊಟ್ಟಣವನ್ನು ಎರಡು ಸಲ ಬಿಚ್ಚಿ ಮತ್ತೆ ಮಡಿಸಲು ನೋಡಿದರು. ಎರಡು ಸಲವೂ ಮಾತ್ರೆ ನೆಲಕ್ಕೆ ಬಿತ್ತು.

"ಇದು ಔಷಧಿ ಕಟ್ಟಿ ಕಲಿತ ಕೈ," ಎಂದರು. "ನಡೀರಿ, ಆಸ್ಪತ್ರೆಗೆ."

ಮಧ್ಯಾಹ್ನ 1.35. ಸರ್ಕಾರಿ ಆಸ್ಪತ್ರೆಯ ಔಷಧಿ ಕೌಂಟರಿನ ಮುಖ್ಯಸ್ಥೆ ಪೊಟ್ಟಣವನ್ನು ಅಂಗೈಯಲ್ಲಿಟ್ಟುಕೊಂಡು ಮಡಿಕೆಯ ಗೆರೆಗಳನ್ನು ನೋಡಿದ್ದೇ ನಕ್ಕುಬಿಟ್ಟಳು.

"ಅಯ್ಯೋ, ಇದು ನಮ್ಮ ಕಾಂಪೌಂಡರ್ ಮಾವನ ಮಡಿಕೆ! ತಲೆಕೆಳಗೆ ಹಿಡಿದ್ರೂ ಮಾತ್ರೆ ಬೀಳಲ್ಲ. ನಮಗೆಲ್ಲಾ ಕಲಿಸೋಕೆ ನೋಡಿದ್ರು, ಯಾರಿಗೂ ಬರ್ಲಿಲ್ಲ. ಈಗ ಹೇಗೂ ಅಚ್ಚಾದ ಕವರ್ ಬಂದಿದೆ."

"ಗೀಟು?"

"ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಅಡ್ಡ ಹೊಡೆದ್ರೆ ಆ ಹೊತ್ತಿಗೆ ಇಲ್ಲ ಅಂತ. ಓದು ಬರದವರಿಗೂ ತಿಳೀಲಿ ಅಂತ ಮಾವ ಮಾಡಿದ್ದು. ಇಪ್ಪತ್ತಾರು ವರ್ಷ ಇದೇ ಕಿಟಕೀಲಿ ಕೂತಿದ್ರು. ರಿಟೈರಾಗಿ ಆರು ವರ್ಷ ಆಯ್ತು. ಯಾಕೆ ಮೇಡಂ, ಚೆನ್ನಾಗಿದ್ದಾರೆ ತಾನೇ?"

ಮೇಡಂ ವಿಳಾಸ ಬರೆದುಕೊಂಡರು. ಮೇಲಿನ ಮಹಡಿಯ ವಾರ್ಡಿನಲ್ಲಿ ಅತ್ತೆಗೆ ಐದನೇ ಸಲ ಫಿಟ್ಸ್ ಬಂದಿದೆಯೆಂದು ನರ್ಸ್ ಬಂದು ಹೇಳಿ ಹೋದಳು. ದಫೇದಾರರು ಮೆಟ್ಟಿಲನ್ನು ಎರಡೆರಡಾಗಿ ಇಳಿದರು. ಅವರ ಬಿ.ಪಿ.ಗೆ ಅದು ಒಳ್ಳೆಯದಲ್ಲ, ಆದರೆ ಆ ಹೊತ್ತಿನಲ್ಲಿ ಯಾರೂ ಅದನ್ನು ಹೇಳಲಿಲ್ಲ.

2.40ಕ್ಕೆ ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಎರಡು ಕೋಣೆಯ ಮನೆಯ ಬಾಗಿಲು ತಟ್ಟಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ಅರವತ್ತು ದಾಟಿದ ಮನುಷ್ಯ ಬಾಗಿಲು ತೆರೆದ. ದಫೇದಾರರು ಮೇಡಂ ಕಡೆ ನೋಡಿ ತಲೆಯಾಡಿಸಿದರು. ಇವರೇ.

"ಆಲ್ಕಲೈನ್ ನೀರು ಮಾರೋದು ನೀವೇನಾ?"

"ಮಾರೋದಲ್ಲ. ತಿಳಿಸಿ ಹೇಳೋದು."

"ಜನರ ಮಾತ್ರೆ ಎಲ್ಲಿ?"

"ಎಸೆದೆ."

"ಎಲ್ಲಿ ಎಸೆದ್ರಿ?"

"ಚರಂಡಿಗೆ. ವಿಷಾನ ಇನ್ನೆಲ್ಲಿ ಇಡ್ತಾರೆ?"

ಮೇಡಂ ಪೊಟ್ಟಣವನ್ನು ಮೇಜಿನ ಮೇಲಿಟ್ಟರು. ಬಿಚ್ಚಿ ಹಾಳುಮಾಡಿದ ಮಡಿಕೆ ಬಾಯಿ ತೆರೆದುಕೊಂಡಿತ್ತು. ಅವನ ಕೈ ತಾನಾಗಿಯೇ ಮುಂದೆ ಬಂತು, ಕಾಗದ ಸರಿಪಡಿಸಿ, ತುದಿಯನ್ನು ಒಳಸೇರಿಸಿ, ಬೆರಳಲ್ಲಿ ಒಮ್ಮೆ ಒತ್ತಿತು. ಆಮೇಲೆ ತಾನು ಮಾಡಿದ್ದೇನೆಂದು ತಿಳಿದು ಕೈ ಹಿಂದಕ್ಕೆಳೆದುಕೊಂಡ.

"ವಿಷಕ್ಕೆ ಇಷ್ಟು ಚಂದದ ಮಡಿಕೆ ಯಾಕೆ?" ಎಂದರು ಮೇಡಂ. "ನೋಡಿ, ಫಿಟ್ಸ್ ಇರೋ ಒಬ್ಬರು ಎಚ್ಚರ ಇಲ್ಲದೆ ಮಲಗಿದ್ದಾರೆ. ಯಾವ ಮಾತ್ರೆ ಕೊಡಬೇಕು, ಯಾವುದು ಕೊಡಬಾರದು ಅಂತ ಡಾಕ್ಟರಿಗೆ ಗೊತ್ತಿಲ್ಲ. ಗೊತ್ತಿರೋದು ನಿಮಗೊಬ್ಬರಿಗೇ."

"ಯಾರು?" ಅವನ ದನಿ ಬದಲಾಗಿತ್ತು. "ಸೊಸೆ ಕಾರಲ್ಲಿ ಬಿಡ್ತಿದ್ದ ಹಸಿರು ಸ್ವೆಟರ್ ಅಮ್ಮನಾ?"

"ಹೌದು."

ಎಸೆದೆ ಎಂಬ ಮಾತಿಗೆ ಅಂಟಿಕೊಂಡಿದ್ದರೆ ಅವನ ಮೇಲಿನ ಸಾಕ್ಷ್ಯ ಅರ್ಧಕ್ಕರ್ಧ ಬಿದ್ದುಹೋಗುತ್ತಿತ್ತು. ಅದು ಅವನಿಗೂ ಗೊತ್ತಿತ್ತು. ಅವನು ಎದ್ದು ಒಳಕೋಣೆಯ ಕಬ್ಬಿಣದ ಬೀರು ತೆಗೆದ.

ನಾಲ್ಕು ಅರೆಗಳ ತುಂಬ ಪೊಟ್ಟಣಗಳು. ಒಂದೊಂದರ ಮೇಲೂ ಗೀಟು, ತಾರೀಕು, ಗುರುತು. ಅವನು ಹುಡುಕಲಿಲ್ಲ, ಎರಡನೇ ಅರೆಯ ಎಡತುದಿಗೆ ಕೈ ಹಾಕಿ ಒಂದನ್ನು ತೆಗೆದು ಕೊಟ್ಟ. "ಚೀಟಿ ಒಳಗಿದೆ. ಒಗ್ಗದ ಮಾತ್ರೆ ಹೆಸರಿನ ಕೆಳಗೆ ಕೆಂಪು ಗೀಟು ಎಳೆದಿದ್ದೀನಿ. ಬೇಗ ಕಳಿಸಿ."

"ಪಂಚನಾಮೆ ಮೇಡಂ?" ಎಂದರು ದಫೇದಾರರು.

"ಅದು ಆಮೇಲೆ." 2.58ಕ್ಕೆ ಚೀಟಿಯ ಫೋಟೊ ಡಾಕ್ಟರ ಫೋನಿಗೆ ಹೋಯಿತು. ಮೂರು ನಿಮಿಷದಲ್ಲಿ ಉತ್ತರ ಬಂತು. "ಒಳ್ಳೆ ಸಮಯಕ್ಕೆ ಕಳಿಸಿದ್ರಿ. ಆ ಕೆಂಪು ಗೀಟಿನ ಗುಂಪಿನದನ್ನೇ ಶುರು ಮಾಡೋದ್ರಲ್ಲಿದ್ವಿ."

ಮೇಡಂ ಫೋನನ್ನು ಕೆಳಗಿಟ್ಟು ಒಂದು ದೀರ್ಘ ಉಸಿರು ಬಿಟ್ಟರು. 3.10ಕ್ಕೆ ಕಾಂಪೌಂಡರನ್ನು ದಸ್ತಗಿರಿ ಮಾಡಲಾಯಿತು.

ಜಪ್ತಿ ಪಟ್ಟಿ ಬರೆಯಲು ಎರಡು ಗಂಟೆ ಹಿಡಿಯಿತು. ಒಟ್ಟು ನಲವತ್ತೊಂದು ಜನರ ಪೊಟ್ಟಣ. ಹದಿನೇಳನೆಯದರ ಮೇಲೆ "ಪೊಲೀಸ್ ದಫೇದಾರರು. ರಾತ್ರಿ ಒಂದು. ಕೋಪ ಜಾಸ್ತಿ" ಎಂದಿತ್ತು. ಅದನ್ನು ಪಟ್ಟಿಗೆ ಬರೆದುಕೊಳ್ಳಬೇಕಾಗಿದ್ದವರೂ ದಫೇದಾರರೇ. "ಕೋಪ ಜಾಸ್ತಿ ಅನ್ನೋದನ್ನೂ ಬರೀಬೇಕಾ ಮೇಡಂ?" ಎಂದರು. "ಇದ್ದದ್ದು ಇದ್ದ ಹಾಗೆ," ಎಂದರು ಮೇಡಂ.

ಮಂಗಳವಾರ ಪೇದೆಗಳು ಕಾಂಪೌಂಡರ್ ಹೇಳಿದ ಗುರುತಿನ ಮೇಲೆ ಪಟ್ಟಿ ಹಿಡಿದು ಮನೆ ಮನೆಗೆ ಹೋದರು. ಇಬ್ಬರು ಬಾಗಿಲಲ್ಲೇ ಜಗಳಕ್ಕೆ ನಿಂತರು, ಒಬ್ಬಾಕೆ ಪೇದೆಗೇ ಒಂದು ಲೋಟ ನೀಲಿ ಮುಚ್ಚಳದ ನೀರು ಕುಡಿಸಿ ಕಳಿಸಿದಳು. ಆದರೂ ಸಂಜೆಯೊಳಗೆ, ಆಸ್ಪತ್ರೆಯಲ್ಲಿದ್ದ ಅತ್ತೆಯ ಹೊರತು, ಉಳಿದ ನಲವತ್ತು ಮಂದಿಯೂ ಡಾಕ್ಟರಿಗೆ ತೋರಿಸಿಕೊಂಡು ಮಾತ್ರೆ ಮತ್ತೆ ಶುರು ಮಾಡಿದ್ದರು. ದಫೇದಾರರು ಎಲ್ಲರಿಗಿಂತ ಮೊದಲು ಹೋಗಿಬಂದಿದ್ದರು.

ನ್ಯಾಯಾಲಯ ಆರೋಪಿಯನ್ನು ಮೂರು ದಿನ ಪೊಲೀಸರ ವಶಕ್ಕೆ ಕೊಟ್ಟಿತು. ಹೇಳಿಕೆ ಬರೆದುಕೊಳ್ಳುವಾಗ ಮೇಡಂ ಕೇಳಿದರು.

"ನೀರಿನ ಮೇಲೆ ನಿಮಗೆ ನಿಜವಾಗಿ ನಂಬಿಕೆ ಇತ್ತಾ?"

"ಮೊದಲು ಇತ್ತು. ಆಮೇಲೆ ಅವರಿಗೆ ನನ್ನ ಮೇಲೆ ನಂಬಿಕೆ ಬಂತು. ನಂದು ಹೋದದ್ದನ್ನ ಹೇಳೋಕೆ ಆಗ್ಲಿಲ್ಲ."

"ಔಷಧಿ ಕೊಟ್ಟೇ ಬದುಕಿದವರು ನೀವು. ಅದನ್ನೇ ವಿಷ ಅಂದ್ರಲ್ಲ?"

ಅವನು ಎರಡು ಕೈಯಲ್ಲಿ ಒಂದು ಚೌಕದ ಅಳತೆ ತೋರಿಸಿದ. "ಕಿಟಕಿ ಮೇಡಂ. ಇಷ್ಟಗಲದ್ದು. ಆ ಕಡೆಯಿಂದ ಒಂದು ಕೈ ಬರುತ್ತೆ, ಪೊಟ್ಟಣ ತಗೊಳ್ಳುತ್ತೆ, ಹೋಗುತ್ತೆ. ಇಪ್ಪತ್ತಾರು ವರ್ಷದಲ್ಲಿ ಒಬ್ಬರೂ ತಿರುಗಿ ಬಂದು ವಾಸಿಯಾಯ್ತು ಅಂತ ಹೇಳಿದವರಿಲ್ಲ. ಅದೆಲ್ಲಾ ಡಾಕ್ಟರಿಗೆ. ನೀರು ಶುರು ಮಾಡಿದ ಮೊದಲ ವಾರ ಒಬ್ಬ ಅಜ್ಜಿ ಮೆಟ್ಟಿಲು ಹತ್ತಿಕೊಂಡು ಬಂದು, 'ಚೆನ್ನಾಗಿ ನಿದ್ದೆ ಬಂತು ಮೇಷ್ಟ್ರೇ' ಅಂದ್ರು. ಅಷ್ಟೇ. ಅಲ್ಲಿಂದಾಚೆ ನಿಲ್ಲಿಸೋಕಾಗ್ಲಿಲ್ಲ."

"ಮತ್ತೆ ಮಾತ್ರೆ ಯಾಕೆ ಇಟ್ಟುಕೊಂಡ್ರಿ?"

"ಎಸೆಯೋಕೆ ಕೈ ಬರಲಿಲ್ಲ. ಯಾವತ್ತಾದ್ರೂ ಕೇಳಿಕೊಂಡು ಬಂದ್ರೆ ಬೇಕಲ್ಲ."

ಗುರುವಾರ 11.05ಕ್ಕೆ ಡ್ರೈವಿಂಗ್ ಸ್ಕೂಲಿನವಳು ಮತ್ತೆ ಬಂದಳು. ಈ ಸಲ ಯಾರೂ ಹೇಳದೆಯೇ ಕುರ್ಚಿ ಎಳೆದುಕೊಂಡು ಕೂತಳು. ಅತ್ತೆಗೆ ಎಚ್ಚರವಾಗಿ ಎರಡು ದಿನವಾಗಿತ್ತು. ಆಸ್ಪತ್ರೆಯ ಹಾಸಿಗೆ ಸರಿಯಿಲ್ಲ, ನರ್ಸಿನ ಜಡೆ ಸರಿಯಿಲ್ಲ, ಸೊಸೆ ತಂದ ಗಂಜಿಗೆ ಉಪ್ಪಿಲ್ಲ ಎಂದು ಬೆಳಿಗ್ಗೆಯಿಂದ ಒಂದೇ ಸಮ ಬೈಯುತ್ತಿದ್ದರಂತೆ. ಹೇಳುತ್ತಾ ಅವಳ ಕಣ್ಣು ತುಂಬಿತು, ನಗುವೂ ಬಂತು.

"ಕೆಲಸ ಏನಿಲ್ಲ ಮೇಡಂ. ವಾಸಿಯಾಯ್ತು ಅಂತ ಹೇಳಿ ಹೋಗೋಣ ಅಂತ ಬಂದೆ."

ಮೇಡಂ ಪೆನ್ನು ಕೆಳಗಿಟ್ಟರು. ಠಾಣೆಗೂ ಯಾರೂ ಹಾಗೆ ತಿರುಗಿ ಬರುವುದಿಲ್ಲ. "ತುಂಬಾ ಸಂತೋಷ," ಎಂದರು. ಲಾಕಪ್ಪಿನ ಕಡೆ ನೋಡಿ, "ಅದನ್ನ ಒಳಗಿರೋರಿಗೂ ಒಂದು ಸಲ ಹೇಳ್ತೀರಾ? ಬಲವಂತ ಇಲ್ಲ."

"ಅವನಿಗಾ?" ಅವಳ ಬಲಗಾಲು ನೆಲ ಒತ್ತಿತು. ಗೋಡೆ ನೋಡಿದಳು, ಕೈಲಿದ್ದ ಕಾರಿನ ಕೀ ನೋಡಿದಳು. ಆಮೇಲೆ ಎದ್ದು ನೇರ ಲಾಕಪ್ಪಿನ ಕಂಬಿಯ ಮುಂದೆ ಹೋಗಿ ನಿಂತಳು.

"ನಮ್ಮತ್ತೆಗೆ ವಾಸಿಯಾಯ್ತು," ಎಂದಳು. "ನಿಮ್ಮ ನೀರಿಂದಲ್ಲ. ನಿಮ್ಮ ಪೊಟ್ಟಣದಿಂದ. ಹಾಗಂತ ಕೇಸು ವಾಪಸ್ ತಗೊಳ್ಳಲ್ಲ."

"ತಗೋಬೇಡಿ ತಾಯಿ," ಎಂದ ಕಾಂಪೌಂಡರ್. ಎದ್ದು ಕಂಬಿಯ ಹತ್ತಿರ ಬಂದ. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಕನ್ನಡಕ ಸರಿಮಾಡಿಕೊಂಡ. "ಬೆಳಿಗ್ಗೆ ಒಂದು, ರಾತ್ರಿ ಒಂದು. ಊಟ ಆದ್ಮೇಲೆ. ಒಂದು ದಿನಾನೂ ತಪ್ಪಿಸ್ಬೇಡಿ."

"ಹೂಂ," ಎಂದಳು ಅವಳು. "ತಪ್ಪಿಸಲ್ಲ."