ಎರಡು ಕೊಡದ ನೀರು

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಂಬಿಗೆ ತಿಕ್ಕುತ್ತಿದ್ದೆ. ನಮ್ಮ ಬೋರಿನ ನೀರು ಒಂದೇ ದಿನಕ್ಕೆ ಪಾತ್ರೆಯೊಳಗೆ ಬಿಳಿ ಪೊರೆ ಕಟ್ಟುತ್ತದೆ. ಅದು ಹೋಗುವವರೆಗೂ ತಿಕ್ಕಬೇಕು. ಅಮ್ಮ ಒಳಗೆ ಮಲಗಿದ್ದಳು. ಮನೆಯಲ್ಲಿ ಮಾತಿರಲಿಲ್ಲ. ನನ್ನ ಕಿವಿ ಮಾತ್ರ ಬೀದಿಯಲ್ಲಿತ್ತು, ಒಂದು ಮೊಪೆಡ್ಡಿನ ಸದ್ದಿಗೆ.

ಅಂದು ಭಾನುವಾರ. ಚನ್ನೇಶ್ ಬರುವ ದಿನ.

ಅಣ್ಣ ಉಮಾಶಂಕರನಿಗೆ ರೈಲ್ವೆಯಲ್ಲಿ ಕೆಲಸ. ಹುಬ್ಬಳ್ಳಿಗೆ ವರ್ಗವಾದವನು ಅಲ್ಲೇ ಒಂದು ಫ್ಲಾಟ್ ನೋಡಿದ್ದ. ಅರಸೀಕೆರೆಯ ಈ ಹೆಂಚಿನ ಮನೆ ಮಾರಾಟವಾದರೆ ಅಮ್ಮನನ್ನೂ ನನ್ನನ್ನೂ ಕರೆದೊಯ್ಯುತ್ತೇನೆ ಅಂದಿದ್ದ. ಮನೆ ಕೊಳ್ಳುವವರನ್ನು ಕರೆತಂದು ತೋರಿಸುವುದು ಚನ್ನೇಶ್ ಅವರ ಕೆಲಸ. ಬ್ರೋಕರ್ ಅಂದರೆ ಬಾಯಿ ದೊಡ್ಡದಿರುತ್ತದೆ ಅಂದುಕೊಂಡಿದ್ದೆ. ಅವರು ಚಪ್ಪಲಿ ಬಿಡುವಾಗಲೂ ಸದ್ದು ಮಾಡುತ್ತಿರಲಿಲ್ಲ.

ನಮ್ಮ ಕಡೆ ಮನೆ ನೋಡಲು ಬಂದವರು ಮೊದಲು ಕೋಣೆ ಎಣಿಸುವುದಿಲ್ಲ. ಕುಳಿತು ನೀರು ಕೇಳುತ್ತಾರೆ. ಕುಡಿದು ನೋಡಿಯೇ ಮುಂದಿನ ಮಾತು. ಅಣ್ಣ ಫೋನಿನಲ್ಲಿ ಹೇಳಿದ್ದ, "ಬೋರಿನ ನೀರು ಕೊಟ್ಟೀಯ ಮತ್ತೆ. ದೇವೀರಮ್ಮನ ಬಾವಿಯಿಂದ ತಂದಿಟ್ಕೊಂಡಿರು."

ಅಡುಗೆಮನೆಯಲ್ಲಿ ಎರಡು ಕೊಡ ಇಟ್ಟಿದ್ದೆ. ಒಂದರಲ್ಲಿ ಹಿಂದಿನ ಬೀದಿಯ ದೇವೀರಮ್ಮನ ಮನೆ ಬಾವಿಯ ಸಿಹಿನೀರು, ಇನ್ನೊಂದರಲ್ಲಿ ನಮ್ಮ ಬೋರಿನ ಉಪ್ಪುನೀರು. ಮೊದಲ ಎರಡು ಭಾನುವಾರ ಅಣ್ಣ ಹೇಳಿದಂತೆಯೇ ಮಾಡಿದೆ. ಎರಡನೆಯ ಸಲ ಬಂದವರು ಅಡ್ವಾನ್ಸಿನ ಮಾತಾಡಿ ಹೋದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರ ವ್ಯವಹಾರ ತಾನಾಗಿಯೇ ಮುರಿದುಬಿತ್ತು. ಮೂರನೆಯ ಭಾನುವಾರದಿಂದ ಕೊಳ್ಳುವವರಿಗೆ ಉಪ್ಪುನೀರು ಕೊಟ್ಟೆ. ಕುಡಿದವರು ಆಮೇಲೆ ಹೇಳ್ತೀವಿ ಅಂತಷ್ಟೇ ಅಂದು ಎದ್ದು ಹೋಗುತ್ತಿದ್ದರು.

ಚನ್ನೇಶ್ ಅವರಿಗೆ ಮಾತ್ರ ಸಿಹಿನೀರು.

ಅವರು ತಂಬಿಗೆಯನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತಿದ್ದರು. ಕುಡಿಯುತ್ತಲೇ ಕಣ್ಣಂಚಿನಲ್ಲಿ ಒಮ್ಮೆ ನನ್ನತ್ತ ನೋಡುವರು. ನಾನು ಬಾಗಿಲ ಹಿಂದಕ್ಕೆ ಸರಿಯುವೆ. ಮತ್ತೆ ಇಣುಕಿದರೆ, ಇಣುಕುತ್ತೇನೆಂದು ಗೊತ್ತಿದ್ದವರ ಹಾಗೆ ಅಲ್ಲೇ ನೋಡುತ್ತಿರುವರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಮೇಲೆ ನನ್ನನ್ನು ಯಾರೂ ಹಾಗೆ ಕಾದು ನೋಡಿರಲಿಲ್ಲ. ಉಳಿದ ಆರು ದಿನ ನನ್ನ ಮಾತೆಲ್ಲ ಅಮ್ಮನ ಮಾತ್ರೆಯ ಬಗ್ಗೆ.

"ಇವತ್ತು ಹಾರನಹಳ್ಳಿ ಮೇಷ್ಟ್ರು ಬಂದಿದಾರೆ. ಎರಡು ತಂಬಿಗೆ ನೀರು ಕೊಡ್ತೀರಾ?" ಅಂದರು ಚನ್ನೇಶ್, ಆ ಭಾನುವಾರ ಬಂದವರೇ.

ಕೊಟ್ಟೆ. ಮೇಷ್ಟ್ರು ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಏನ್ರೀ ಚನ್ನೇಶ್, ಇದ್ರಲ್ಲಿ ಬೇಳೆ ಬೇಯ್ತದೇನ್ರೀ?"

"ನಂಗೆ ಚೆನ್ನಾಗೇ ಇದೆಯಲ್ಲ ಸಾರ್," ಎನ್ನುತ್ತ ಚನ್ನೇಶ್ ಮೇಷ್ಟ್ರ ತಂಬಿಗೆ ತೆಗೆದುಕೊಂಡು ಒಂದು ಗುಟುಕು ಕುಡಿದರು. ಹುಬ್ಬು ಮೇಲೇರಿತು. ನನ್ನತ್ತ ತಿರುಗಿದರು. ತಂಬಿಗೆ ಕೆಳಗಿಟ್ಟರು.

ಮೇಷ್ಟ್ರು ಬಸ್ಸಿಗೆ ಹೋದ ಮೇಲೆ ಅವರೊಬ್ಬರೇ ಜಗಲಿಯಲ್ಲಿ ನಿಂತರು.

"ಒಂದೇ ಅಡುಗೆಮನೆಯಿಂದ ಎರಡು ಥರ ನೀರು ಬರುತ್ತಾ ಶಿಲ್ಪಾ ಅವ್ರೇ?"

ನಾನು ಮೇಷ್ಟ್ರ ತಂಬಿಗೆ ಎತ್ತಿ ಉಳಿದ ನೀರನ್ನು ಅಂಗಳಕ್ಕೆ ಚೆಲ್ಲಿದೆ.

"ಇಷ್ಟು ಒಳ್ಳೆ ಮನೆ, ಐದು ತಿಂಗಳಾದ್ರೂ ಯಾಕೆ ಹೋಗ್ತಿಲ್ಲ ಅಂತಿದ್ದೆ. ನನ್ನ ಕೈಗುಣ ಅಂದ್ಕೊಂಡು ದೇವಸ್ಥಾನಕ್ಕೂ ಹೋಗ್ಬಂದೆ."

ನಗು ಬಂತು. ಸೆರಗಿನಲ್ಲಿ ಮುಚ್ಚಿಕೊಂಡೆ. "ಅಣ್ಣಂಗೆ ಹೇಳ್ಬೇಡಿ."

"ಹೇಳಲ್ಲ." ಅವರ ದನಿ ಮೆತ್ತಗಾಯಿತು. "ಹುಟ್ಟಿದ ಮನೆ ಬಿಟ್ಟು ಹೋಗೋಕೆ ಮನಸ್ಸಿಲ್ಲ ನಿಮಗೆ, ಅಷ್ಟೇ ತಾನೇ? ಇನ್ಮೇಲೆ ನಾನು ಯಾರನ್ನೂ ಕರ್ಕೊಂಡು ಬರಲ್ಲ. ನಿಶ್ಚಿಂತೆಯಿಂದಿರಿ."

'ಮನೆಗೋಸ್ಕರ ಅಲ್ಲ' ಅನ್ನಬೇಕಿತ್ತು. ಒಂದೇ ಮಾತು. ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಮೊಪೆಡ್ ಬೀದಿಯ ತಿರುವು ದಾಟಿತು.

ಆಮೇಲೆ ಅವರು ಬರಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡರು. ನಾನು ಶನಿವಾರ ಸಂಜೆ ಸಿಹಿನೀರು ಹೊತ್ತು ತರುವುದು, ಸೋಮವಾರ ಅದನ್ನು ತುಳಸಿಗೆ ಸುರಿಯುವುದು ಬಿಡಲಿಲ್ಲ.

"ಯಾರ್ ಬತ್ತಾರೇ ಅಂತ ಹೊರ್ತೀಯೇ ತಾಯಿ?" ಅಂದಳು ಬಾವಿಕಟ್ಟೆಯಲ್ಲಿ ದೇವೀರಮ್ಮ. "ಬರೋರು ಬರದೇ ಇದ್ರೂ ನಿನ್ನ ಕೊಡ ಮಾತ್ರ ಬತ್ತದಲ್ಲ."

ಏಳನೆಯ ವಾರ ಕಾರೊಂದು ಬಂತು. ಹಾಸನ ರಸ್ತೆಯಲ್ಲಿ ಲೇಔಟ್ ಮಾಡಿದ ಗಂಗಾಧರಪ್ಪ. ಅಣ್ಣ ತಾನೇ ಫೋನಿನಲ್ಲಿ ಮಾತಾಡಿದ್ದನಂತೆ. ಅವರು ಒಳಗೇ ಬರಲಿಲ್ಲ. ಬೀದಿಯಲ್ಲೇ ನಿಂತು ಟೇಪ್ ಹಿಡಿಸಿ ಅಗಲ, ಉದ್ದ ಅಳೆಸಿದರು.

ನಾನು ಓಡಿಹೋಗಿ ಉಪ್ಪುನೀರು ತುಂಬಿಸಿ ತಂದೆ. ಮನೆ ಹೋದರೆ ಚನ್ನೇಶ್ ಬರಲು ಈ ಊರಿನಲ್ಲಿ ನನಗೊಂದು ಬಾಗಿಲೇ ಇರುವುದಿಲ್ಲ.

"ಬ್ಯಾಡ ಕಣಮ್ಮ. ಕಾರಲ್ಲಿ ಬಾಟ್ಲು ಐತೆ."

"ಒಳಗೆ ಕೋಣೆ ನೋಡಲ್ವಾ?" ಎಂದಳು ಅಮ್ಮ.

"ನೋಡಿ ಏನ್ ಮಾಡ್ಲವ್ವ? ಕೆಡವಿ ಕಾಂಪ್ಲೆಕ್ಸ್ ಕಟ್ಟೋದೇ. ಈಗೆಲ್ಲ ಜಾಗಕ್ಕೇ ಬೆಲೆ."

ನನ್ನ ಕೈಯಲ್ಲಿ ತಂಬಿಗೆ ಹಾಗೇ ಉಳಿಯಿತು.

ಲಾರಿಗೆ ಸಾಮಾನು ಏರಿಸಿದ ದಿನ ಚನ್ನೇಶ್ ಬಂದರು. ಮೊಪೆಡ್ ಆರಿಸಲಿಲ್ಲ, ಇಳಿಯಲೂ ಇಲ್ಲ.

"ನಾನು ಯಾರನ್ನೂ ಕರ್ಕೊಂಡು ಬರದೇ ಇದ್ರೆ ಮನೆ ನಿಮಗೇ ಉಳಿಯುತ್ತೆ ಅಂದ್ಕೊಂಡೆ," ಅಂದರು. "ಅಷ್ಟು ಮಾತ್ರ ನನ್ನ ಕೈಲಿತ್ತು. ಅದೂ ಆಗ್ಲಿಲ್ಲ. ಬೇಜಾರು ಮಾಡ್ಕೋಬೇಡಿ."

"ಮನೆ..." ಅಂದೆ.

"ಶಿಲ್ಪಾ, ಅಡುಗೆಮನೇಲಿ ಇನ್ನೇನುಳಿದಿದೆ?" ಅಣ್ಣ ಲಾರಿಯ ಮೇಲಿಂದ ಕೂಗಿದ. ಚನ್ನೇಶ್ ಅವನಿಗೆ ಕೈ ಎತ್ತಿ ತೋರಿಸಿ, ನನ್ನನ್ನು ಒಮ್ಮೆ ನೋಡಿ ಮೊಪೆಡ್ ತಿರುಗಿಸಿದರು.

ಅಡುಗೆಮನೆಯಲ್ಲಿ ಉಳಿದದ್ದು ಒಂದೇ ಕೊಡ, ಸಿಹಿನೀರಿನದು. ಅದನ್ನು ಕಟ್ಟಲು ನಾನೇ ಬಿಟ್ಟಿರಲಿಲ್ಲ. ತಂಬಿಗೆಗೆ ಬಗ್ಗಿಸಿಕೊಂಡು ಹೊಸಿಲಿಗೆ ಓಡಿಬಂದೆ. ತಿರುವಿನಲ್ಲಿ ಕೊಬ್ಬರಿ ಮೂಟೆಯ ಗಾಡಿಗೆ ದಾರಿ ಬಿಟ್ಟು ಅವರು ನಿಂತಿದ್ದರು. ಬೀದಿಯಲ್ಲಿ ಒಮ್ಮೆಯೂ ದನಿ ಎತ್ತದವಳು ನಾನು. ಹೆಸರು ಹಿಡಿದು ಕೂಗಿದೆ. ಗಾಡಿ ಸರಿಯಿತು. ಮೊಪೆಡ್ ಅದರ ಹಿಂದಿನಿಂದ ಮರೆಯಾಯಿತು.

ತಂಬಿಗೆ ತುಂಬ ನೀರಿತ್ತು. ಖಾಲಿ ತಿರುವಿನ ಕಡೆಗೆ ಅದನ್ನು ಚಾಚಿ, ಹೇಳಬೇಕಾದವರು ಎದುರಿಗಿದ್ದ ಹಾಗೆಯೇ ಮೆಲ್ಲಗೆ ಹೇಳಿದೆ.

"ನೀರು ಕುಡಿದು ಹೋಗಿ."